ದುಂಡನೆಯ ಎಲೆಗಳು

ಯುಗಾದಿಯ ಸಮಯದಲ್ಲಿ ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳ್ಳಿಗಳಿಗೆ ಹೋಗಿ ನೋಡಿ. ಹೋಳಿಗೆ ಉಂಡು ಕೈ ತೊಳೆದ ಗಂಡಸರು ಮರದ ನೆರಳಲ್ಲಿ ಇಸ್ಪೀಟು ಎಲೆ ಹಿಡಿದು ಕೂತಿರುತ್ತಾರೆ. ಒಳಗೆ ಪಾತ್ರೆ ತಿಕ್ಕುವವಳಿಗೆ ಎಷ್ಟು ದುಡ್ಡು ಹೋಯಿತೋ ಎಂಬ ದಿಗಿಲು. ನಮ್ಮ ಬಾಯಲ್ಲಿ ಇಸ್ಪೀಟು ಎಂಬುದು ಬೈಗುಳವಾದದ್ದು ಸುಮ್ಮನೆ ಅಲ್ಲ. ಆದರೆ ಈ ಎಲೆಗೆ ಇನ್ನೊಂದು ಚರಿತ್ರೆಯಿದೆ. ಅದರಲ್ಲಿ ಹೆಂಗಸರ ಪಾಲೂ ಇದೆ.

ಅಚ್ಚಿನ ಇಸ್ಪೀಟು ಬರುವ ಮೊದಲು ಇಲ್ಲಿದ್ದದ್ದು ಕೈಯಲ್ಲಿ ಬರೆದ ಗಂಜೀಫಾ. 1527ರಲ್ಲಿ ಬಾಬರ್ ಈ ಎಲೆಗಳನ್ನು ಸಿಂಧಿಗೆ ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಕಟ್ಟಿನಲ್ಲಿ 96 ಎಲೆ. ಮುಂದೆ ಅದೇ ಆಟ ದಶಾವತಾರದ ರೂಪ ತಾಳಿತು: ಅವತಾರಕ್ಕೆ 12ರಂತೆ 120 ಎಲೆ. ಹಗಲು ಆಡಿದರೆ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂಥ ಆಟಗಳಿಗೆ ‘ಛದ’ ಎಂದು ಹೆಸರು. ಛದವೆಂದರೂ ಎಲೆಯೇ. ಚಾಮುಂಡೇಶ್ವರಿ ಛದಕ್ಕೆ ಬರೋಬ್ಬರಿ 320 ಎಲೆ!

ಅರಮನೆಗೆ ದಂತದ ಎಲೆ. ಸಾಮಾನ್ಯರದು ಹಳೆಯ ಬಟ್ಟೆ ಇಲ್ಲವೇ ಕಾಗದದ್ದು. ಪದರ ಪದರವಾಗಿ ಹುಣಿಸೆ ಬೀಜದ ಅಂಟು ಬಳಿದು, ಸೀಮೆಸುಣ್ಣದ ಪುಡಿ ಹಚ್ಚಿ, ಒಣಗಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ದುಂಡಗೆ ಕತ್ತರಿಸಿ, ಚಿತ್ರ ಬರೆದು, ಮೇಲೆ ಅರಗು ಕೊಡಬೇಕು. ಬೇಸಿಗೆಯಲ್ಲಿ ಹುಣಿಸೆ ಜಜ್ಜಿ ಬೀಜ ಬಿಡಿಸುವ ನಮ್ಮ ಹಿರಿಯೂರು ಸೀಮೆಯ ಹೆಂಗಸರಿಗೆ ಆ ಬೀಜದ ಗಟ್ಟಿತನ ಹೇಳಿಕೊಡಬೇಕಾಗಿಲ್ಲ.

ಎಲೆಯ ಬೆನ್ನಿಗೆ ಮಾತ್ರ ಚಿತ್ರವಿಲ್ಲ, ಒಂದೇ ಬಣ್ಣ. ಒಂದು ಎಲೆಯ ಬೆನ್ನಲ್ಲಿ ಚುಕ್ಕೆಯಷ್ಟು ಗುರುತು ಉಳಿದರೂ ಎದುರಾಳಿಗೆ ಗುಟ್ಟು ರಟ್ಟಾಗುತ್ತದೆ. ಜಾದೂಗಾರ ಮಾಡುವುದು ಇದರ ತಿರುವುಮುರುವು. ಎಲೆಗಳ ಒಂದು ತುದಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿ ಕತ್ತರಿಸಿರುತ್ತಾನೆ. ನಾವು ಆರಿಸಿದ ಎಲೆಯನ್ನು ಅವನು ಹಿಂದುಮುಂದಾಗಿ ಸೇರಿಸಿದರೆ ಕಣ್ಣಿಗೆ ಕಾಣದು, ಅವನ ಬೆರಳಿಗೆ ತಿಳಿಯುತ್ತದೆ. ಬೇಕೆಂದೇ ವ್ಯತ್ಯಾಸ ಮಾಡುವುದು ಅವನ ಜಾಣ್ಮೆ. ನೂರಿಪ್ಪತ್ತನ್ನೂ ಒಂದೇ ಸಮ ಮಾಡುವುದು ಗಂಜೀಫಾದವರ ಜಾಣ್ಮೆ.

ಆ ಸಮ ಯಾರ ಕೈಯದು? ಒಡಿಶಾದ ರಘುರಾಜಪುರದ ಚಿತ್ರಕಾರರ ಮನೆಗಳಲ್ಲಿ ಗಂಜೀಫಾಗೆ ಗಂಜಪ ಎನ್ನುತ್ತಾರೆ. ಅಲ್ಲಿ ಅಂಟು ಕುದಿಸುವುದು, ಬಟ್ಟೆ ಹದ ಮಾಡುವುದು, ಬಣ್ಣ ತುಂಬುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಕೊನೆಯ ಗೆರೆ ಎಳೆಯುವವನು ಯಜಮಾನ, ಹೆಸರೂ ಅವನದೇ. ಈ ರೂಢಿಗೆ ಹೊರತಾಗಿ ನಿಂತವರು ನಮ್ಮ ನೆರೆಯ ಸಾವಂತವಾಡಿಯ ರಾಣಿ ಸತ್ತ್ವಶೀಲಾದೇವಿ ಭೋಸಲೆ. ಅಲ್ಲಿ ಈ ಕಲೆ ನಂದಿಹೋಗುವ ಹೊತ್ತಿಗೆ, 1970ರ ದಶಕದಲ್ಲಿ, ಪತಿಯೊಡನೆ ಸೇರಿ ವೃದ್ಧ ಚಿತಾರಿಯೊಬ್ಬರಿಂದ ವಿದ್ಯೆ ಉಳಿಸಿಕೊಂಡರು. ತಾವೇ ಕುಂಚ ಹಿಡಿದು ಎಲೆಗಳ ಮೇಲೆ ಚಿತ್ರ ಬರೆದರು.

ರಾಣಿಯ ಹೆಸರು ಉಳಿಯಿತು, ಸಂತೋಷ. ಹುಣಿಸೆ ಬೀಜ ಅರೆದವರ ಹೆಸರು ಮಾತ್ರ ಯಾವ ಎಲೆಯ ಮೇಲೂ ಇಲ್ಲ. ಇನ್ನು ಮುಂದೆ ಮೈಸೂರಿನಲ್ಲೋ ಬೇರೆಲ್ಲೋ ಗಂಜೀಫಾ ಕಂಡರೆ ರಾಮ ಕೃಷ್ಣರನ್ನು ನೋಡಿ ಮುಂದೆ ನಡೆಯಬೇಡಿ. ಸಾಧ್ಯವಾದರೆ ಎಲೆಯ ಬೆನ್ನನ್ನೂ ಒಮ್ಮೆ ನೋಡಿ. ಗುರುತೇ ಉಳಿಯದಂತೆ ದುಡಿದವರ ಕೆಲಸ ಅಲ್ಲಿದೆ.