ಹೊಸ ತೋಟಾ ಕೊಳ್ಳತಕ್ಕದ್ದೇ?

ಅಮೆರಿಕದ ವಿಂಚೆಸ್ಟರ್ ಕಂಪೆನಿಯು 2024ರಲ್ಲಿ .21 ಶಾರ್ಪ್ ಎಂಬ ಹೊಸದೊಂದು ಕಿರಿಯ ತೋಟಾವನ್ನು ಪ್ರಕಟಿಸಿತು. ಅದನ್ನು ಕೊಳ್ಳುವುದು ಯುಕ್ತವೆ ಎಂಬ ವಿಚಾರ ಬೇಟೆಗಾರರಿಗೆ ಸೇರಿದ್ದೆಂದು ಶ್ರೋತೃಗಳು ಭಾವಿಸಬಹುದು. ಆದರೆ ಈ ಪ್ರಶ್ನೆಗೆ ಚರಿತ್ರೆ ಹಿಂದೆಯೇ ಒಂದೆರಡು ಬಾರಿ ಉತ್ತರ ಕೊಟ್ಟಿದೆ. ಚರಿತ್ರೆಯ ಉಪಾಧ್ಯಾಯನಾದ ನಾನು ಇದರಲ್ಲಿ ಕೈಹಾಕಿರುವುದು ಆ ಧೈರ್ಯದಿಂದಲೇ.

ಮೊದಲು ಈ ಜಾತಿಯ ತೋಟಾದ ರಚನೆಯನ್ನು ಹೇಳಿಬಿಡುತ್ತೇನೆ. ದೊಡ್ಡ ತೋಟಾಗಳ ತಳದ ನಡುವೆ ಒಂದು ಕೇಪು ಇರುತ್ತದೆ. ಗುಂಡು ಹಾರಿದ ಮೇಲೆ ಹಳೆಯ ಕೇಪನ್ನು ತೆಗೆದು ಹೊಸದನ್ನಿಟ್ಟು, ಮದ್ದುಗುಂಡುಗಳನ್ನು ತುಂಬಿ, ಅದೇ ಹಿತ್ತಾಳೆಯ ಕೊಳವೆಯನ್ನು ಮತ್ತೆ ಬಳಸಬಹುದು. ಕಿರಿಯ ತೋಟಾದಲ್ಲಿ ಬೇರೆ ಕೇಪಿಲ್ಲ. ಸಿಡಿಯುವ ವಸ್ತುವು ತಳದ ಮಡಿಸಿದ ಅಂಚಿನೊಳಗೇ ಇರುತ್ತದೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜಿದೊಡನೆ ಮದ್ದು ಹೊತ್ತಿಕೊಳ್ಳುತ್ತದೆ. ಇದಕ್ಕೆ ರಿಮ್‌ಫೈರ್ ಎಂದು ಹೆಸರು. ಒಮ್ಮೆ ಜಜ್ಜಿದ ಅಂಚು ಮತ್ತೆ ಕೆಲಸಕ್ಕೆ ಬಾರದು. ನಮ್ಮ ಮಲೆನಾಡಿನ ಕೇಪಿನ ಕೋವಿಯವನು ಮದ್ದನ್ನೂ ಚರೆಯನ್ನೂ ತಾನೇ ಅಳೆದು ತುಂಬಿಕೊಳ್ಳುವನು. ರಿಮ್‌ಫೈರ್ ಕೋವಿಯವನಿಗೆ ಆ ಸ್ವಾತಂತ್ರ್ಯವಿಲ್ಲ. ಕಾರ್ಖಾನೆ ನಿಂತರೆ ಅವನ ಕೋವಿಯೂ ನಿಂತಂತೆಯೇ.

1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಈ ಬಗೆಯ ತೋಟಾಕ್ಕೆ ದಾರಿ ತೋರಿದನು. 1857ರಲ್ಲಿ ಸ್ಮಿತ್ ಮತ್ತು ವೆಸ್ಸನ್ನರ .22 ಶಾರ್ಟ್ ಬಂದಿತು; 1887ರಲ್ಲಿ ಸ್ಟೀವನ್ಸ್ ಕಂಪೆನಿಯ .22 ಲಾಂಗ್ ರೈಫಲ್. ಇದು ಇಂದಿಗೂ ಲೋಕದಲ್ಲೆಲ್ಲ ಮಾರಾಟವಾಗುತ್ತಿದೆ. 1959ರಲ್ಲಿ ಅದಕ್ಕಿಂತ ಬಲವಾದ .22 ಮ್ಯಾಗ್ನಮ್ ಅನ್ನು ವಿಂಚೆಸ್ಟರ್ ಹೊರತಂದಾಗ ಇತರ ಕಂಪೆನಿಗಳೂ ಅದಕ್ಕೆ ಕೋವಿಗಳನ್ನು ಮಾಡಿದವು, ಅದೂ ಉಳಿಯಿತು.

ಇಷ್ಟಾದ ಮೇಲೆ ರೆಮಿಂಗ್ಟನ್ ಕಂಪೆನಿಗೆ ಉತ್ಸಾಹ ಬಂದಿತು. ಅದು 1970ರಲ್ಲಿ ಮಾರಾಟಕ್ಕಿಟ್ಟ 5 ಮಿಲಿಮೀಟರ್ ಮ್ಯಾಗ್ನಮ್ ತೋಟಾವು 38 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ 2,100 ಅಡಿ ವೇಗದಲ್ಲಿ ಹಾರಿಸುತ್ತಿತ್ತು. ಗುಣದಲ್ಲಿ ಕೊರತೆಯಿರಲಿಲ್ಲ, ದೂರದ ಗುರಿಗೆ.22 ಮ್ಯಾಗ್ನಮ್‌ಗಿಂತ ಮೇಲೆಂದೇ ಹೇಳಬೇಕು. ಆದರೆ ಅದರ ಒತ್ತಡ ಬಹಳ ಹೆಚ್ಚು. ಇತರ ತಯಾರಕರು ತಮ್ಮ ಕೋವಿಗಳನ್ನು ಇದಕ್ಕೆ ಹೊಂದಿಸಲು ಮನಸ್ಸು ಮಾಡಲಿಲ್ಲ. ರೆಮಿಂಗ್ಟನ್ನಿನ 591 ಮತ್ತು 592 ಎಂಬ ಎರಡು ಮಾದರಿಗಳು ಸುಮಾರು 50 ಸಾವಿರದಷ್ಟು ಹೊರಬಂದು, ಕೆಲವೇ ವರ್ಷಗಳಲ್ಲಿ ನಿಂತುಹೋದವು. 1982ರಲ್ಲಿ ತೋಟಾವೂ ನಿಂತಿತು. ದುಡ್ಡು ಕೊಟ್ಟು ಕೊಂಡವರ ಮನೆಗಳಲ್ಲಿ ಒಳ್ಳೆಯ ಉಕ್ಕಿನ ಕೋವಿಗಳು ಗೋಡೆಯ ಅಲಂಕಾರವಾದವು. ಮೆಕ್ಸಿಕೋದ ಆಗಿಲಾ ಕಂಪೆನಿಯು 2008ರಲ್ಲಿ ಈ ತೋಟಾವನ್ನು ಮತ್ತೆ ಮಾಡಿತು. ಅಷ್ಟರಲ್ಲಿ ಮೊದಲ ಕೊಳ್ಳುಗರಲ್ಲಿ ಎಷ್ಟು ಮಂದಿ ಮುದುಕರಾಗಿದ್ದರೋ!

2002ರಲ್ಲಿ ಹಾರ್ನಡಿ ಕಂಪೆನಿಯ .17 ಎಚ್‌ಎಂಆರ್ ಗೆದ್ದಿತು. ಅದು .22 ಮ್ಯಾಗ್ನಮ್‌ನ ಕೊಳವೆಯ ಕತ್ತನ್ನೇ ಕಿರಿದು ಮಾಡಿದ್ದು. ಇರುವ ಕೋವಿಯ ನಳಿಗೆಯನ್ನಷ್ಟೆ ಬದಲಾಯಿಸಿದರೆ ತಯಾರಕರಿಗೆ ಬಹುಮಟ್ಟಿಗೆ ಕೆಲಸವಾಗುತ್ತಿತ್ತು. ಅದೇ ಕಂಪೆನಿಯು 2004ರಲ್ಲಿ ತಂದ ಅದರ ತಮ್ಮ, .17 ಮಾಕ್ 2, ಅಷ್ಟು ಬೇರೂರಲಿಲ್ಲ. ಅಗ್ಗದ .22ರ ಕೆಲಸವನ್ನು ಹೆಚ್ಚು ಬೆಲೆಗೆ ಮಾಡುವುದನ್ನು ಜನ ಬಹುಕಾಲ ಸಹಿಸಲಿಲ್ಲವೆಂದು ನನ್ನ ಊಹೆ.

ಈಗ .21 ಶಾರ್ಪ್ ವಿಚಾರ. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿಯಾಗಿ ನಿಷಿದ್ಧ. ಹಳೆಯ .22ರಲ್ಲಿ ಗುಂಡೂ ಕೊಳವೆಯೂ ಒಂದೇ ದಪ್ಪ. ಗುಂಡಿನ ಹಿಮ್ಮಡಿಯನ್ನು ಸಣ್ಣಗೆ ಮಾಡಿ ಒಳಗೆ ಕೂರಿಸುತ್ತಾರೆ. ಮೃದುವಾದ ಸೀಸ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಗಟ್ಟಿಯಾದ ತಾಮ್ರ ಅಷ್ಟು ಒಗ್ಗದು. ಆದ್ದರಿಂದ .22ರ ಕೊಳವೆಯೊಳಗೇ ಹಿಡಿಸುವ ಸ್ವಲ್ಪ ತೆಳುವಾದ ಗುಂಡನ್ನು ವಿಂಚೆಸ್ಟರ್ ಆರಿಸಿತು. ಕಾರಣ ನಿಜವಾದದ್ದು; .17 ಮಾಕ್ 2ಕ್ಕೆ ಇಂಥ ಕಾರಣವಿರಲಿಲ್ಲ. ಸೀಸವನ್ನು ಬಳಸಲಾಗದ ಊರಿನ ಬೇಟೆಗಾರನು ಇದನ್ನು ಕೊಂಡರೆ ನಾನು ಬೇಡವೆನ್ನೆನು. ಕಾಗದದ ಗುರಿಗೆ ಹೊಡೆಯುವ ಹವ್ಯಾಸಿಯಾದರೋ, ಎರಡನೆಯದೊಂದು ಕಾರ್ಖಾನೆ ಈ ತೋಟಾವನ್ನು ಮಾಡತೊಡಗುವವರೆಗೆ ತನ್ನ ಹಳೆಯ .22ಕ್ಕೇ ಎಣ್ಣೆ ಹಾಕಿಟ್ಟುಕೊಳ್ಳಲಿ.