ಕಣ್ಣಪಾಪೆಯ ಪರೀಕ್ಷೆ ಮತ್ತು ಅದರ ಪ್ರಾಮಾಣ್ಯ

ಕಣ್ಣಿನ ನಡುವಣ ಕರಿಯ ರಂಧ್ರವನ್ನು ಕನ್ನಡಿಗರು ಪಾಪೆಯೆಂದು ಕರೆಯುವರು. ಪಾಪೆಯೆಂದರೆ ಬೊಂಬೆ. ಸಂಸ್ಕೃತದ ಕನೀನಿಕೆಗೂ ಗ್ರೀಕರ ‘ಕೋರೆ’ ಎಂಬ ಪದಕ್ಕೂ ಹುಡುಗಿಯೆಂಬ ಅರ್ಥವುಂಟು. ಲ್ಯಾಟಿನ್ನಿನ ‘ಪೂಪಿಲ್ಲ’ ಎಂಬುದೂ ಈ ಜಾತಿಯದೇ. ಎದುರಿಗೆ ನಿಂತವನಿಗೆ ಅಲ್ಲಿ ಕಾಣುವ ಕಿರುರೂಪವೇ ಈ ಹೆಸರುಗಳಿಗೆ ಕಾರಣವೆಂದು ಹೇಳುವರು. ಆ ರೂಪವಾದರೋ ನೋಡುವವನದೇ. ವೈದ್ಯನ ಪಾಪೆ-ಪರೀಕ್ಷೆಗೂ ಈ ಮಾತು ಸಲ್ಲುವುದು. ರೋಗಿಯ ಸ್ಥಿತಿಯೊಡನೆ ಪರೀಕ್ಷಕನ ದೃಷ್ಟಿಯೂ ಆ ವರದಿಯಲ್ಲಿ ಬೆರೆತಿರುವುದು. ಆ ಬೆರಕೆ ಎಷ್ಟೆಂಬುದನ್ನು ಅಳೆಯಲು ಬಹುಕಾಲ ಹಿಡಿಯಿತು.

ಬೆಳಕಿಗೆ ಪಾಪೆಯು ಕುಗ್ಗುವುದು ಇಚ್ಛಾಧೀನವಲ್ಲದ ಚಲನೆಯೆಂದು ಎಡಿನ್‌ಬರೋದ ರಾಬರ್ಟ್ ವಿಟ್ 1751ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಬೆಳಕಿನ ಸಂವೇದನೆಯು ನೇತ್ರನರದ ಮೂಲಕ ಮಧ್ಯಮಿದುಳನ್ನು ಸೇರಿ, ಅಲ್ಲಿಂದ ಮೂರನೆಯ ಕಪಾಲನರದ ಮಾರ್ಗವಾಗಿ ಹಿಂದಿರುಗುವುದೆಂದು ಈಗ ತಿಳಿದಿದೆ. ತಲೆಗೆ ಪೆಟ್ಟು ಬಿದ್ದು ಮಿದುಳು ಬಾತಾಗ ಈ ಮೂರನೆಯ ನರವು ಅದುಮಲ್ಪಟ್ಟರೆ ಆ ಕಡೆಯ ಪಾಪೆ ಹಿಗ್ಗಿ ನಿಶ್ಚಲವಾಗುವುದು. ಪ್ರಜ್ಞೆಯಿಲ್ಲದ ರೋಗಿಯು ಬಾಯಿಂದ ಹೇಳಲಾರದುದನ್ನು ಪಾಪೆಯು ಹೇಳುವುದರಿಂದಲೇ ಈ ಪರೀಕ್ಷೆಗೆ ಇಷ್ಟು ಗೌರವ ಬಂದಿತು.

ಆದರೆ ಲಕ್ಷಣವು ಒಂದಾದರೂ ಕಾರಣಗಳು ಹಲವು. ಅದೇ ಊರಿನ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ 1863ರಲ್ಲಿ ಆಫ್ರಿಕದ ಕಲಬಾರ್ ಬೀಜದ ರಸವು ಪಾಪೆಯನ್ನು ಕುಗ್ಗಿಸುವುದೆಂದು ತೋರಿಸಿದನು. ಬೆಳಕಿಗೆ ಅಲುಗದೆ ಹತ್ತಿರದ ವಸ್ತುವನ್ನು ನೋಡುವಾಗ ಮಾತ್ರ ಕುಗ್ಗುವ ಪಾಪೆಗಳನ್ನು 1869ರಲ್ಲಿ ವರ್ಣಿಸಿದವನೂ ಇವನೇ. ಅಫೀಮು ಪಾಪೆಯನ್ನು ಕಿರಿದುಮಾಡುವುದು. ನಮ್ಮ ಬೇಲಿಗಳಲ್ಲಿ ಬೆಳೆಯುವ ದತ್ತೂರಿ ಹಿಗ್ಗಿಸುವುದು. ಆದುದರಿಂದ ಔಷಧ ಅಥವಾ ವಿಷದ ಸಂಗತಿಯನ್ನು ವಿಚಾರಿಸದೆ ಪಾಪೆಯ ಸಾಕ್ಷ್ಯವನ್ನು ಒಪ್ಪುವುದು ಸಲ್ಲದು.

ಇದಕ್ಕಿಂತ ಸೂಕ್ಷ್ಮವಾದ ಸಂದೇಹ ಮತ್ತೊಂದುಂಟು. ಚುರುಕು, ಮಂದ, ನಿಶ್ಚಲ ಎಂಬ ಮೂರು ಮಾತುಗಳಲ್ಲಿಯೇ ವೈದ್ಯರೂ ದಾದಿಯರೂ ಪಾಪೆಯ ಚಲನೆಯನ್ನು ಬರೆದಿಡುತ್ತ ಬಂದರು. ಮಂದಕ್ಕೂ ನಿಶ್ಚಲಕ್ಕೂ ನಡುವಣ ಗೆರೆ ಎಲ್ಲಿ? ಕಿರಿದಾದ ಪಾಪೆಯ ಅಲ್ಪಚಲನೆಯು, ಅದರಲ್ಲಿಯೂ ನಮ್ಮವರಂತಹ ಕಪ್ಪು ಕಣ್ಣುಗಳಲ್ಲಿ, ಸುಲಭವಾಗಿ ಕಾಣುವುದಿಲ್ಲ. ಒಂದೇ ಓಲೆಯನ್ನು ಇಬ್ಬರು ಲಿಪಿಕಾರರು ಎರಡು ಬಗೆಯಾಗಿ ಓದುವರೆಂಬುದು ಗ್ರಂಥಸಂಪಾದಕರಿಗೆ ಹೊಸ ವಿಷಯವಲ್ಲ. ಇಲ್ಲಿಯೂ ಅಂತಹ ಪಾಠಾಂತರಗಳು ಹುಟ್ಟುವುವು.

ಲೋವೆನ್‌ಸ್ಟೈನ್ ಮತ್ತು ಲೋವೆನ್‌ಫೆಲ್ಡ್ ಎಂಬ ವಿದ್ವಾಂಸರು ಅತಿರಕ್ತ ಕಿರಣಗಳಿಂದ ಪಾಪೆಯ ಚಲನೆಯನ್ನು ದಾಖಲಿಸುವ ಯಂತ್ರವನ್ನು 1958ರಲ್ಲಿ ವಿವರಿಸಿದರು. ಇಂತಹ ಯಂತ್ರಗಳು ಕೈಯಲ್ಲಿ ಹಿಡಿಯುವಷ್ಟು ಚಿಕ್ಕವಾದ ಮೇಲೆ ಮನುಷ್ಯದೃಷ್ಟಿಯನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು. ಅಮೆರಿಕದಲ್ಲಿ ಓಲ್ಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ 2,329 ಜೋಡಿ ಪರೀಕ್ಷೆಗಳನ್ನು ಹೋಲಿಸಲಾಯಿತು. ಪೂರ್ಣ ಒಮ್ಮತಕ್ಕೆ 1, ಕೇವಲ ಆಕಸ್ಮಿಕ ಹೊಂದಿಕೆಗೆ 0 ಎಂದು ಎಣಿಸಿದರೆ, ಪಾಪೆಯ ಗಾತ್ರದ ವಿಷಯದಲ್ಲಿ ಪರೀಕ್ಷಕರ ಒಮ್ಮತವು 0.54, ಚಲನೆಯ ವಿಷಯದಲ್ಲಿ 0.40 ಮಾತ್ರ. ಪರೀಕ್ಷಕರು ನಿಶ್ಚಲವೆಂದ ಪಾಪೆಗಳಲ್ಲಿ ಶೇಕಡ 33.3ನ್ನು ಮಾತ್ರವೇ ಯಂತ್ರವೂ ನಿಶ್ಚಲವೆಂದಿತು.

ಇದು ಕೇವಲ ಲೆಕ್ಕದ ವಿಚಾರವಲ್ಲ. 1974ರ ಗ್ಲಾಸ್ಗೋ ಮಾನದಲ್ಲಿ ಪಾಪೆಗೆ ಸ್ಥಾನವಿರಲಿಲ್ಲ. 2018ರಲ್ಲಿ ಅದನ್ನು ಸೇರಿಸಿ, ಒಂದು ಪಾಪೆ ಅಲುಗದಿದ್ದರೆ 1, ಎರಡೂ ಅಲುಗದಿದ್ದರೆ 2 ಅಂಕಗಳನ್ನು ಕಳೆಯುವ ಕ್ರಮವನ್ನು ಸೂಚಿಸಿದರು. ಹೀಗಿರುವಾಗ ‘ನಿಶ್ಚಲ’ವೆಂಬ ಒಂದು ಪದದ ತಪ್ಪಿನಿಂದ ಬದುಕಬಹುದಾದ ರೋಗಿಯ ವಿಷಯದಲ್ಲಿ ನಿರಾಶೆಯು ನೆಲೆಗೊಳ್ಳಬಹುದು. ಭಾರತದ 1994ರ ಮಾನವ ಅಂಗಗಳ ಕಸಿಯ ಕಾಯಿದೆಯು ಮಿದುಳುಕಾಂಡದ ಮರಣವನ್ನು ಒಬ್ಬನ ನಿರ್ಣಯಕ್ಕೆ ಬಿಡದೆ ವೈದ್ಯಮಂಡಲಿಗೆ ಒಪ್ಪಿಸಿರುವುದು ಯುಕ್ತವೇ ಆಗಿದೆ. ಅಲ್ಲಿ ಪಾಪೆಯ ನಿಶ್ಚಲತೆಯು ನೋಡತಕ್ಕ ಹಲವು ಲಕ್ಷಣಗಳಲ್ಲಿ ಒಂದು ಮಾತ್ರ.

ಯಂತ್ರವೂ ನಿರ್ದೋಷವಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆ, ರೆಪ್ಪೆಯ ಬಾವು, ಔಷಧಗಳು ಅದನ್ನೂ ತೊಡಕಿಗೆ ಸಿಕ್ಕಿಸುವುವು. ಆದರೆ ಪ್ರತ್ಯಕ್ಷವೇ ಪ್ರಬಲ ಪ್ರಮಾಣವೆಂದು ನಂಬಿದವರಿಗೆ ಅದು ಒಂದು ಪಾಠವನ್ನು ಕಲಿಸಿದೆ. ಕಣ್ಣಿನ ಸಾಕ್ಷ್ಯವನ್ನು ತೂಗುವಾಗ ಸಾಕ್ಷಿಯಾಗಿ ನಿಂತಿರುವ ಕಣ್ಣುಗಳು ಎರಡೆಂಬುದನ್ನು ಮರೆಯಲಾಗದು: ರೋಗಿಯದೊಂದು, ನೋಡುವವನದೊಂದು.