ಆಟಗಾರರ ಮೌಲ್ಯ ಹೋಲಿಕೆ

ಆಟಗಾರರ ಮೌಲ್ಯ ಹೋಲಿಕೆ ಎಂಬುದು ಡ್ರಾಫ್ಟ್ ಇಲ್ಲವೆ ಹರಾಜಿನ ಮೂಲಕ ತಂಡ ಕಟ್ಟುವಾಗ ಯಾರನ್ನು ಮೊದಲು ಆರಿಸಬೇಕು, ಯಾರಿಗಾಗಿ ಕಾಯಬಹುದು ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸುವ ಕ್ರಮ. ತಂಡಗಳು ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಹೆಸರಿಸಿ ತಮ್ಮದಾಗಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಒಂದು ತಂಡ ಹೆಸರಿಸಿದವನು ಮತ್ತೊಂದಕ್ಕೆ ಸಿಗುವುದಿಲ್ಲ. ಆಟಗಾರ ಒಟ್ಟು ಎಷ್ಟು ಅಂಕ ಗಳಿಸುತ್ತಾನೆ ಎಂಬುದಕ್ಕಿಂತ, ಅವನು ಕೈತಪ್ಪಿದರೆ ಅದೇ ಜಾಗಕ್ಕೆ ಸಿಗುವವನಿಗಿಂತ ಎಷ್ಟು ಹೆಚ್ಚು ಗಳಿಸುತ್ತಾನೆ ಎಂಬುದೇ ಅವನ ನಿಜವಾದ ಮೌಲ್ಯ ಎನ್ನುವುದು ಈ ಕ್ರಮದ ತಿರುಳು.

ಫ್ಯಾಂಟಸಿ ಫುಟ್‌ಬಾಲ್, ಅಂದರೆ ನಿಜವಾದ ಆಟಗಾರರ ಸಾಧನೆಯನ್ನು ಅಂಕಗಳಾಗಿ ಎಣಿಸಿ ಕಾಲ್ಪನಿಕ ತಂಡಗಳು ಸೆಣಸುವ ಆಟ, ಅಮೆರಿಕದ ಫುಟ್‌ಬಾಲನ್ನು ಆಧರಿಸಿ ಹುಟ್ಟಿತು. ಓಕ್‌ಲೆಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ 1962ರಲ್ಲಿ ಇದರ ನಿಯಮಗಳನ್ನು ರೂಪಿಸಿದನು; ಮೊದಲ ಡ್ರಾಫ್ಟ್ 1963ರಲ್ಲಿ ಓಕ್‌ಲೆಂಡ್ ನಗರದಲ್ಲಿ ನಡೆಯಿತು. ಆಯ್ಕೆಯ ಹಿಂದಿನ ಲೆಕ್ಕವನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ 1990ರ ದಶಕದ ಫ್ಯಾಂಟಸಿ ಫುಟ್‌ಬಾಲ್ ಬರಹಗಾರ ಜೋ ಬ್ರ್ಯಾಂಟ್ ಪ್ರಮುಖನು.

ಈ ಲೆಕ್ಕವನ್ನು ಒಂದು ಕಲ್ಪಿತ ಕ್ರಿಕೆಟ್ ಡ್ರಾಫ್ಟಿನ ಮೂಲಕ ವಿವರಿಸಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಂಡಗಳಿದ್ದು, ಪ್ರತಿ ತಂಡಕ್ಕೂ ನಾಲ್ವರು ಬ್ಯಾಟರ್‌ಗಳು ಮತ್ತು ಒಬ್ಬ ವಿಕೆಟ್ ಕೀಪರ್ ಬೇಕೆಂದು ಇಟ್ಟುಕೊಳ್ಳಬೇಕು. ಒಟ್ಟು 16 ಬ್ಯಾಟರ್‌ಗಳು ಆಯ್ಕೆಯಾಗುವುದರಿಂದ 17ನೆಯವನು ಯಾರಿಗೂ ಬೇಡವಾಗಿ ಉಳಿಯುವ ಆಟಗಾರ, ಅವನೇ ಅಳತೆಗೋಲು. ಅತ್ಯುತ್ತಮ ಬ್ಯಾಟರ್ ಟೂರ್ನಿಯಲ್ಲಿ 420 ಅಂಕ ಗಳಿಸುವ ನಿರೀಕ್ಷೆಯಿದ್ದು, 17ನೆಯವನು 360 ಗಳಿಸುವಂತಿದ್ದರೆ ಮೊದಲನೆಯವನ ಮೌಲ್ಯ 60 ಮಾತ್ರ. ಕೀಪರ್‌ಗಳಲ್ಲಿ ಮೊದಲಿಗ 300, ಎರಡನೆಯವನು 220, ಮೂರನೆಯವನು 210, ನಾಲ್ಕನೆಯವನು 200, ಉಳಿದುಹೋಗುವ ಐದನೆಯವನು 190 ಗಳಿಸುವಂತಿದ್ದರೆ ಮೊದಲ ಕೀಪರನ ಮೌಲ್ಯ 110. ಒಟ್ಟು ಅಂಕದಲ್ಲಿ ಬ್ಯಾಟರ್‌ಗಿಂತ 120 ಹಿಂದಿದ್ದರೂ ಮೊದಲ ಸರದಿಯ ಕೊಪ್ಪಳ ತಂಡ ಆರಿಸಬೇಕಾದುದು ಆ ಕೀಪರನನ್ನೇ. ಆದರೆ ಅದನ್ನು ಕಂಡು ಗಂಗಾವತಿ ತಂಡವೂ ಕೀಪರನ ಹಿಂದೆ ಬಿದ್ದರೆ ಅದು ತಪ್ಪಾಗುತ್ತದೆ, ಏಕೆಂದರೆ ಎರಡನೆಯ ಕೀಪರನ ಮೌಲ್ಯ 30ಕ್ಕೆ ಕುಸಿದಿದ್ದು 60ರ ಬ್ಯಾಟರ್ ಇನ್ನೂ ಎದುರಿಗೇ ಇರುತ್ತಾನೆ. ಒಬ್ಬರು ಆರಿಸಿದ್ದನ್ನು ನೋಡಿ ಉಳಿದವರೂ ಅದೇ ಬಗೆಯ ಆಟಗಾರನಿಗೆ ಮುಗಿಬೀಳುವುದು ಡ್ರಾಫ್ಟ್‌ಗಳಲ್ಲಿ ಅತಿ ಸಾಮಾನ್ಯವಾದ ಮತ್ತು ಅತಿ ದುಬಾರಿಯಾದ ದೋಷ.

ಸರದಿಯ ಸ್ವರೂಪವೂ ಲೆಕ್ಕದೊಳಗೆ ಬರಬೇಕು. ಹಾವಿನ ನಡೆಯ ಡ್ರಾಫ್ಟ್ ಎನಿಸಿಕೊಂಡ ಪದ್ಧತಿಯಲ್ಲಿ ಎರಡನೆಯ ಸುತ್ತು ಹಿಂದುಮುಂದಾಗಿ ಸಾಗುವುದರಿಂದ ಕೊನೆಯ ಸರದಿಯ ಯಲಬುರ್ಗಾ ತಂಡಕ್ಕೆ ನಾಲ್ಕನೆಯ ಮತ್ತು ಐದನೆಯ ಆಯ್ಕೆಗಳು ಒಟ್ಟಿಗೇ ಸಿಗುತ್ತವೆ. ಕೊಪ್ಪಳ ತಂಡವಾದರೋ ಮೊದಲ ಆಯ್ಕೆಯ ಬಳಿಕ ಆರು ಆಯ್ಕೆಗಳನ್ನು ಸುಮ್ಮನೆ ನೋಡಿ ಎಂಟನೆಯದಕ್ಕೆ ಕಾಯಬೇಕು. ಆ ಆರರಲ್ಲಿ ಯಾವ ಬಗೆಯ ಆಟಗಾರರು ಖಾಲಿಯಾಗುತ್ತಾರೆಂಬ ಅಂದಾಜಿಲ್ಲದಿದ್ದರೆ ಮೌಲ್ಯದ ಪಟ್ಟಿ ಕೈಯಲ್ಲಿದ್ದೂ ಉಪಯೋಗಕ್ಕೆ ಬಾರದು.

ಇಂಗ್ಲೆಂಡಿನ ಸಾಕರ್ ಲೀಗನ್ನು ಆಧರಿಸಿದ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನ ಮೂಲ ಮಾದರಿಯಲ್ಲಿ ಡ್ರಾಫ್ಟ್ ಇಲ್ಲ, ಒಬ್ಬನೇ ಆಟಗಾರ ಎಲ್ಲರ ತಂಡದಲ್ಲೂ ಇರಬಹುದು. ಅಲ್ಲಿನ ಕೊರತೆ ಆಟಗಾರರದ್ದಲ್ಲ, 10 ಕೋಟಿ ಪೌಂಡ್‌ಗಳ ಕಲ್ಪಿತ ಬಜೆಟ್ಟಿನದು. ಆದ್ದರಿಂದ ಅಲ್ಲಿ ಕೊಟ್ಟ ಬೆಲೆಗೆ ದೊರೆಯುವ ಅಂಕವನ್ನು ಹೋಲಿಸಲಾಗುತ್ತದೆ. ಗೋಲು ಒಂದೇ ಆದರೂ ಮುಂಚೂಣಿಯವನಿಗೆ 4, ಮಧ್ಯದವನಿಗೆ 5, ರಕ್ಷಣಾ ಆಟಗಾರನಿಗೆ 6 ಅಂಕ ದೊರೆಯುವುದರಿಂದ ನಿಯಮಪುಸ್ತಕ ಓದದವನ ಲೆಕ್ಕ ಅಲ್ಲಿ ಮೊದಲ ವಾರವೇ ದಾರಿ ತಪ್ಪುತ್ತದೆ.

ಕರ್ನಾಟಕದ ವೃತ್ತಿಪರ ಕ್ರೀಡೆಯಲ್ಲೂ ಈ ತತ್ತ್ವಕ್ಕೆ ನಿದರ್ಶನಗಳಿವೆ. ರಾಜ್ಯದ ಟಿ20 ಕ್ರಿಕೆಟ್ ಟೂರ್ನಿಯಾದ ಮಹಾರಾಜ ಟ್ರೋಫಿಯ ತಂಡಗಳು 2022ರ ಮೊದಲ ಆವೃತ್ತಿಯಲ್ಲಿ ಡ್ರಾಫ್ಟ್ ಮೂಲಕ ರಚನೆಯಾದವು. ಕಲ್ಯಾಣ ಕರ್ನಾಟಕದ ನಗರವೊಂದರ ಹೆಸರು ಹೊತ್ತ ಗುಲ್ಬರ್ಗಾ ಮಿಸ್ಟಿಕ್ಸ್, ಮನೀಶ್ ಪಾಂಡೆ ನಾಯಕತ್ವದಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಫೈನಲ್‌ನಲ್ಲಿ 11 ರನ್‌ಗಳಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಬೆಲೆ ಮತ್ತು ಮೌಲ್ಯ ಬೇರೆಬೇರೆ ಎಂಬುದಕ್ಕೆ ಕರ್ನಾಟಕದ ಕ್ರಿಕೆಟಿಗ ಕೃಷ್ಣಪ್ಪ ಗೌತಮ್ ಅವರ ಪ್ರಸಂಗ ಇನ್ನೂ ಸ್ಪಷ್ಟವಾದುದು. 2021ರ ಐಪಿಎಲ್ ಹರಾಜಿನಲ್ಲಿ 20 ಲಕ್ಷ ರೂಪಾಯಿ ಮೂಲಬೆಲೆಯ ಈ ಆಫ್ ಸ್ಪಿನ್ ಆಲ್‌ರೌಂಡರನ್ನು ಚೆನ್ನೈ ಸೂಪರ್ ಕಿಂಗ್ಸ್ 9.25 ಕೋಟಿಗೆ ಕೊಂಡಿತು. ಅದೇ ಹರಾಜಿನಲ್ಲಿ ಆ ತಂಡ ಅದೇ ಬಗೆಯ ಆಟಗಾರ ಮೊಯೀನ್ ಅಲಿಯನ್ನೂ 7 ಕೋಟಿಗೆ ಪಡೆದಿತ್ತು. ಆ ಋತುವಿನಲ್ಲಿ ಗೌತಮ್ ಒಂದೂ ಪಂದ್ಯ ಆಡಲಿಲ್ಲ. ಆಟಗಾರನ ಸಾಮರ್ಥ್ಯ ಇದರಿಂದ ಕಡಿಮೆಯಾಗದು. ಒಂದು ಜಾಗ ತುಂಬಿದ ತಂಡದಲ್ಲಿ ಅದೇ ಜಾಗದ ಎರಡನೆಯವನ ಮೌಲ್ಯ ಇಳಿಯುತ್ತದೆ, ಅಷ್ಟೇ. ಗಾಯದ ಭಯ ಮತ್ತೊಂದು ಅಂಶ: 2022ರಲ್ಲಿ ಪ್ರೊ ಕಬಡ್ಡಿ ಲೀಗ್‌ನ ತಮಿಳ್ ತಲೈವಾಸ್ ತಂಡ 2.26 ಕೋಟಿ ಕೊಟ್ಟು ಪಡೆದ ಕಬಡ್ಡಿಪಟು ಪವನ್ ಸೆಹ್ರಾವತ್ ಮೊದಲ ಪಂದ್ಯದಲ್ಲೇ ಗಾಯಗೊಂಡು ಋತುವಿನಿಂದ ಹೊರಬಿದ್ದರು.

ಊರೂರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳ ಹರಾಜಿನಲ್ಲಿಯೂ ಐಕಾನ್ ಆಟಗಾರ, ಬೇಸ್ ಪಾಯಿಂಟ್, ಅನ್‌ಸೋಲ್ಡ್ ಎಂಬ ಮಾತುಗಳು ಈಗ ಬಳಕೆಯಲ್ಲಿವೆ. ಮಾಲೀಕನ ಕೈಯಲ್ಲಿ 1,000 ಪಾಯಿಂಟ್ ಇದ್ದು, ಹನ್ನೊಂದು ಜನರನ್ನು ತಲಾ ಕನಿಷ್ಠ 20 ಪಾಯಿಂಟ್ ಕೊಟ್ಟು ಕೊಳ್ಳಬೇಕಾಗಿದ್ದರೆ, ಮೊದಲ ಆಟಗಾರನಿಗೆ ಸವಾಲು ಕೂಗುವಾಗ ಉಳಿದ ಹತ್ತು ಮಂದಿಗಾಗಿ 200 ಪಾಯಿಂಟ್ ಎತ್ತಿಡಬೇಕು. 800ರ ಗೆರೆ ದಾಟುವಂತಿಲ್ಲ. ಇಲ್ಲಿ ಅಂಕಪಟ್ಟಿಗಿಂತ ಊರಿನ ತಿಳಿವಳಿಕೆ ಮುಖ್ಯವಾಗುತ್ತದೆ. ತುಂಗಭದ್ರಾ ಕಾಲುವೆಯ ನೀರುಣ್ಣುವ ಗಂಗಾವತಿ ಸೀಮೆಯಲ್ಲಿ ಭತ್ತದ ಕಟಾವಿನ ದಿನಗಳಲ್ಲಿ ಟೂರ್ನಿ ಬಿದ್ದರೆ ಯಾರು ಬಿಡುವಾಗುತ್ತಾರೆ, ಕುಷ್ಟಗಿ ಯಲಬುರ್ಗಾಗಳ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರಿಗೆ ದುಡಿಯಲು ಹೋದವನು ಸೆಮಿಫೈನಲ್‌ಗೆ ಊರಿಗೆ ಬರುತ್ತಾನೆಯೇ ಎಂಬುದನ್ನೂ ಮೌಲ್ಯದಲ್ಲಿ ಕಳೆಯಬೇಕು, ಕೂಡಬೇಕು. ಹತ್ತು ಪಂದ್ಯಗಳಲ್ಲಿ ಆರಕ್ಕೆ ಮಾತ್ರ ಸಿಗುವ ಬ್ಯಾಟರನ 60ರ ಮೌಲ್ಯ 36 ಆಗುತ್ತದೆ. ಉಳಿದ ನಾಲ್ಕರಲ್ಲಿ ಬದಲಿ ಆಟಗಾರನೇ ಆಡುವುದರಿಂದ ಅಲ್ಲಿ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ. ಈ ಕಳೆಯುವಿಕೆಯನ್ನು ಮರೆತು ಹೆಸರಿಗೆ ಮರುಳಾಗುವ ಮಾಲೀಕರೇ ಹೆಚ್ಚು.

ಹಣ ಕಟ್ಟಿ ಆಡುವ ಫ್ಯಾಂಟಸಿ ಸ್ಪರ್ಧೆಗಳ ಕಾನೂನಿನ ಸ್ಥಿತಿ ಈಚಿನ ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಅಂಗೀಕರಿಸಿದ ಮಸೂದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಫ್ಯಾಂಟಸಿ ಕ್ರೀಡಾ ಸಂಸ್ಥೆ ಡ್ರೀಮ್ ಇಲೆವೆನ್ ಅದೇ ತಿಂಗಳು ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು.